ಅಯಸ್ಕಾಂತದ ಊರಿನಿಂದ ಬಸವೇಶ್ವರನಗರಕ್ಕೆ

ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳು ಎದೆಯಿಂದ ಎದ್ದು, ಗಾಳಿಯಲ್ಲಿ ಅಡ್ಡಡ್ಡ ನಿಂತು, ಎದುರಿನ ಯಂತ್ರದ ಬಾಯಿಯ ಕಡೆಗೆ ಸರವನ್ನೇ ಎಳೆಯತೊಡಗಿದವು. ಇಂಗ್ಲೆಂಡಿನ ಉತ್ತರದ ಊರೊಂದರ ಆಸ್ಪತ್ರೆಯಲ್ಲಿ ನನ್ನ ಕೆಲಸದ ಮೊದಲ ದಿನ ಅದು. ಗಡಿಯಾರ, ಚಿಲ್ಲರೆ ಎಲ್ಲ ಹೊರಗಿಟ್ಟು ಬಂದಿದ್ದೆ. ಪಿನ್ನು ಮಾತ್ರ ನೆನಪಾಗಲಿಲ್ಲ. ನಮ್ಮ ಹೆಂಗಸರಿಗೆ ಪಿನ್ನು ಒಡವೆಯೂ ಅಲ್ಲ, ಕಬ್ಬಿಣವೂ ಅಲ್ಲ, ಮೈಯದೇ ಒಂದು ಭಾಗ. ತಂಡದ ಮುಖ್ಯಸ್ಥೆ ಡಾಕ್ಟರ್ ಮಾರ್ಗರೆಟ್ ತೋಳು ಹಿಡಿದು ಹೊರಗೆ ಕರೆತಂದರು. ಬೈಯಲಿಲ್ಲ.

ರಾಜಾಜಿನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವಳು ನಾನು. ಎಂಬತ್ತರ ದಶಕದ ಕೊನೆಯಲ್ಲಿ, ಯಜಮಾನರ ಓದಿಗೆಂದು ಇಬ್ಬರೂ ಇಲ್ಲಿಗೆ ಬಂದೆವು. ಅಯಸ್ಕಾಂತದ ಬಲದಿಂದ ಮೈಯೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಆಗಿನ್ನೂ ಹೊಸದು. ಹೃದಯ ಒಂದು ಕ್ಷಣವೂ ಸುಮ್ಮನಿರದ್ದರಿಂದ ಅದರ ಚಿತ್ರ ಕಲಸಿಹೋಗುತ್ತಿತ್ತು. ಪ್ರತಿ ಬಡಿತದಲ್ಲೂ ಅದೇ ಗಳಿಗೆಗೆ ಕಾದು ಚಿತ್ರ ಹಿಡಿಯುವುದು ನಾನು ಸೇರಿದ ತಂಡದ ಕೆಲಸವಾಗಿತ್ತು.

ಊರು ಕಲಿಯುವುದು ಅದಕ್ಕಿಂತ ಕಷ್ಟವಾಯಿತು. ಮನೆಯೊಡತಿ 'ಟೀ'ಗೆ ಕರೆದಳೆಂದು ಊಟ ಮುಗಿಸಿ ಹೋದೆ. ಇಲ್ಲಿ ಸಂಜೆಯ ಊಟಕ್ಕೇ ಟೀ ಅನ್ನುತ್ತಾರೆ. ಬೇಯಿಸಿದ ಆಲೂಗಡ್ಡೆಯ ಗುಡ್ಡ ಮುಂದೆ ಬಂದು ಕೂತಿತು. ಬಸವೇಶ್ವರನಗರದಲ್ಲಿ ಅಮ್ಮ, ತಮ್ಮ ಇದ್ದ ನನ್ನ ತವರು ಓನರ್ ಮನೆಯ ಹಿಂದಿನ ಬಾಡಿಗೆ ಪೋರ್ಷನ್ನು. ಒಗ್ಗರಣೆ ಹಾಕಿದರೆ ಇವತ್ತು ಏನು ಸಾರು ಅಂತ ಸುತ್ತಲಿನವರಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಪಕ್ಕದ ಮನೆಯವರ ಹೆಸರೇ ತಿಳಿಯದು. ಮೊದಮೊದಲು ಹಾಯೆನಿಸಿತು, ಆಮೇಲೆ ಅಳು ಬರತೊಡಗಿತು.

ರೋಗಿಗಳ ಜೊತೆ ಹೋಲಿಸಲು ಆರೋಗ್ಯವಂತರ ಹೃದಯದ ಚಿತ್ರಗಳೂ ಬೇಕಿದ್ದವು. ತಂಡದವರೆಲ್ಲ ಸರದಿಯಂತೆ ಯಂತ್ರದಲ್ಲಿ ಮಲಗಿದೆವು. ನನ್ನ ಚಿತ್ರ ನೋಡುತ್ತಿದ್ದ ಮಾರ್ಗರೆಟ್ ಒಂದು ಕಡೆ ಬೆರಳಿಟ್ಟು ತೋರಿಸಿದರು. ಹೃದಯದ ಕೆಳಕೋಣೆಗಳ ನಡುವಿನ ಗೋಡೆ ಇರಬೇಕಾದ್ದಕ್ಕಿಂತ ದಪ್ಪವಿತ್ತು. ಇದು ಮನೆತನದಲ್ಲಿ ಬರುವ ಕಾಯಿಲೆ, ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರು ಓಡುತ್ತಿದ್ದವರು ಹಾಗೇ ಬಿದ್ದುಹೋಗುತ್ತಾರೆ ಎಂದರು. ಅಪ್ಪ ಮಾಗಡಿ ರಸ್ತೆಯಲ್ಲಿ ಬಸ್ಸು ಹಿಡಿಯಲು ಓಡಿ ಬಿದ್ದಿದ್ದರು, ಮತ್ತೆ ಏಳಲಿಲ್ಲ. ಬಿಸಿಲಿಗೆ ಹಾಗಾಯಿತು ಅಂದುಕೊಂಡಿದ್ದೆವು. ನನ್ನ ತಮ್ಮ ರಮೇಶನಿಗೂ ಬೇಗ ಪರೀಕ್ಷೆ ಮಾಡಿಸಿ ಎಂದರು ಮಾರ್ಗರೆಟ್. ಅವನಿಗೆ ಆಗತಾನೆ ಕೆಂಗೇರಿಯ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು.

ತವರಿನಲ್ಲಿ ಫೋನಿರಲಿಲ್ಲ. ಓನರ್ ಮನೆಗೆ ಮಾಡಿ ಅವನನ್ನು ಕರೆಸಬೇಕು, ಅವರ ನಡುಮನೆಯಲ್ಲಿ ಎಲ್ಲರ ಮುಂದೆಯೇ ಅವನು ಮಾತಾಡಬೇಕು. ಹುಡುಗಿಯನ್ನು ತೋರಿಸಿದ್ದೇ ಓನರ್ ಆಂಟಿ. ನಾನು ಕಾಯಿಲೆಯ ವಿಷಯವನ್ನೆಲ್ಲ ಹೇಳಿದೆ.

"ಹೂಂ, ಊಟ ಆಯ್ತಕ್ಕ," ಎಂದ.

ಈ ವಾರವೇ ಹೃದಯದ ಎಕೋ ಪರೀಕ್ಷೆ ಮಾಡಿಸು ಎಂದೆ. ಇಲ್ಲಿ ಮಳೆ ಏನಿಲ್ಲ ಎಂದ. ಆಮೇಲೆ ಆಂಟಿಗೆ ಕೇಳಿಸದಂತೆ ದನಿ ತಗ್ಗಿಸಿ, "ಮದುವೆ ಆಗ್ಲಿ ಬಿಡು," ಎಂದ.

"ಅಮ್ಮನಿಗೆ ಆಗಿದ್ದೇ ಆ ಹುಡುಗಿಗೂ ಆಗ್ಬೇಕಾ?"

ಫೋನಿಟ್ಟುಬಿಟ್ಟ.

ಆದರೂ ಹೋಗಿ ಎಕೋ ಮಾಡಿಸಿದ. ಅವನ ಗೋಡೆಯೂ ದಪ್ಪವಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಓಡಬೇಡ ಎಂದರು. ಕೆಂಗೇರಿಗೆ ಅವನೇ ಹೋಗಿ ವಿಷಯ ಹೇಳಿದ, ಸಂಬಂಧ ಮುರಿಯಿತು. ಫಾರಿನ್ನಿನಲ್ಲಿ ಕೂತು ಮಗನ ಮದುವೆ ಕೆಡಿಸಿದಳು ಎಂದು ಅಮ್ಮ ಕಂಡವರ ಹತ್ತಿರವೆಲ್ಲ ಹೇಳಿದಳಂತೆ. ಇಲ್ಲಿ ನನ್ನ ಚಿತ್ರವನ್ನು ಆರೋಗ್ಯವಂತರ ಸಾಲಿನಿಂದ ತೆಗೆದು ರೋಗಿಗಳ ಸಾಲಿಗೆ ಹಾಕಿದರು. ಅಲ್ಲಿ ಅಮ್ಮನಿಗೆ ಮಗಳಾಗಿ ಉಳಿಯಲಿಲ್ಲ, ಇಲ್ಲಿ ಬರೀ ತಂಡದವಳಾಗಿಯೂ ಉಳಿಯಲಿಲ್ಲ. ಯಾವ ಊರಿನವಳು ಎಂದು ಯಾರಾದರೂ ಕೇಳಿದರೆ ತಡವರಿಸುತ್ತಿದ್ದೆ.

ಯುಗಾದಿಗೆ ಫೋನ್ ಮಾಡಿದೆ. ಅಮ್ಮ ಬರಲಿಲ್ಲ, ರಮೇಶ ಬಂದ. ಆಂಟಿ, ಅಂಕಲ್, ಹಬ್ಬಕ್ಕೆ ಬಂದ ನೆಂಟರು, ಎಲ್ಲರ ದನಿಯೂ ಹಿಂದೆ ಕೇಳುತ್ತಿತ್ತು. ಹಬ್ಬದ ಮಾತಾಡಿ ಇಟ್ಟುಬಿಡುತ್ತಾನೆ ಅಂದುಕೊಂಡೆ. ಅವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದ:

"ನಿನ್ನ ಹಾರ್ಟ್ ಹೇಗಿದೆ ಅಕ್ಕ?"

ಆ ಮನೆಯಿಂದ ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ನಿನ್ನ ಥರಾನೇ ಇದೆ ಕಣೋ," ಎಂದೆ.