ವಾಲ್ವ್ ಗಾಳಿ ಹಿಡಿಯದ ಬೆಳಗು

ನಾನು ನಿಂತಿದ್ದು ಕಾರಿನ ಎಡಗಡೆಯ ದೀಪದ ಪಕ್ಕದಲ್ಲಿ. ಮಹಾಲಿಂಗಪುರದಿಂದ ಮುಧೋಳಕ್ಕೆ ಹೋಗುವ ರಸ್ತೆಯ ಆ ಗ್ಯಾರೇಜಿನಲ್ಲಿ ಬೆಳಗಿನ ಹತ್ತರ ಸುಮಾರು. ಬಾನೆಟ್ ತೆರೆದಿತ್ತು. ಮಿಸ್ತ್ರಿ ಕಾಕಾ ನನ್ನ ಎದುರಿಗೆ, ಒಂದು ಕೈ ಅಂತರದಲ್ಲಿದ್ದರು. ಅವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

ನನ್ನದು ಟರ್ಬೊ ಕಾರು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಒಳಗೆ ಒತ್ತಿಕೊಂಡ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಒಂದು ಅದರಲ್ಲಿದೆ. ಅದು ಸೋರಿದರೆ ಗಾಡಿ ಏರು ಹತ್ತುವುದಿಲ್ಲ. ಅದನ್ನು ಪರೀಕ್ಷಿಸುವ ಪಂಪು ಕಾಕಾನ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅವರು ಮಾತ್ರ ಯಾವಾಗಲೂ ಬಾಯಿ ಮುಕ್ಕಳಿಸಿ, ವಾಲ್ವಿನ ಸಣ್ಣ ನಳಿಗೆಗೆ ತುಟಿ ಹಚ್ಚಿ ಗಾಳಿ ಎಳೆದು, ತೂತಿಗೆ ನಾಲಿಗೆ ಒತ್ತುತ್ತಿದ್ದರು. ವಾಲ್ವ್ ನಾಲಿಗೆಗೆ ಅಂಟಿ ನಿಂತರೆ ಸೋರಿಕೆ ಇಲ್ಲ. ಆಮೇಲೆ ವಾಲ್ವಿನ ತಲೆಯ ಸ್ಕ್ರೂ ತಿರುಗಿಸಿ ಸ್ಪ್ರಿಂಗಿನ ಬಿಗಿ ಹೊಂದಿಸುವರು.

ಪಕ್ಕದ ಪಂಕ್ಚರ್ ಅಂಗಡಿಯವರು ಅವರ ಹಳೆಯ ಗೆಳೆಯ. “ಏನ್ಲೇ, ಕಾರಿಗೆ ಮುದ್ದ ಕೊಡಾಕತ್ತೀ? ಮನ್ಯಾಗ ವೈನಿ ಅದಾರಲೇ!” ಎನ್ನುವರು.

“ನೀ ದಿನಾ ಟೈರಿಗೆ ಉಗುಳು ಹಚ್ಚತೀ. ನಾ ಏನರ ಕೇಳೇನೇನ್ಲೇ?”

ಆ ದಿನ ವಾಲ್ವಿನೊಳಗಿನ ರಬ್ಬರು ಪದರವನ್ನು ಹೊಸದಾಗಿ ಹಾಕಿದ್ದರು. ಎಳೆದು ನೋಡಿದರು. ನಿಲ್ಲಲಿಲ್ಲ. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದರು. ಆಗಲೂ ಸುಸ್ ಎಂದು ಗಾಳಿ ಹೋಯಿತು.

“ಹೊಸಾದೂ ಲೀಕ್ ಐತಿ, ತಮ್ಮಾ. ಎಂಥಾ ಮಾಲ ಕೊಟ್ಟಾರ ನೋಡು.”

ಮಾತು ಸ್ವಲ್ಪ ದಪ್ಪವಾಗಿ ಕೇಳಿತು. ಬಾಯಲ್ಲಿ ಅಡಿಕೆ ಇರಬೇಕು ಅಂದುಕೊಂಡೆ. ಅವರು ವಾಲ್ವನ್ನು ಗೆಳೆಯನ ಕೈಗಿಟ್ಟರು. “ನೀ ಎಳದ ನೋಡಲೇ.”

ಗೆಳೆಯ ಎಳೆದರು. ವಾಲ್ವ್ ನಾಲಿಗೆಗೆ ಕಚ್ಚಿಕೊಂಡು ನಿಂತಿತು. ಮಾತಾಡಲಾಗದೆ ಅದನ್ನು ಹಾಗೇ ಜೋತಾಡಿಸಿ ತೋರಿಸಿದರು. ನಾನೂ ನಕ್ಕೆ.

“ಹಂಗಾರ ನನ್ನ ಬಾಯಾಗ ಲೀಕ್ ಐತೇನ್ಲೇ?” ಎಂದು ಕಾಕಾ ನಕ್ಕರು. ನಗು ಮುಖದ ಒಂದೇ ಬದಿಗೆ ಬಂತು. ಇನ್ನೊಂದು ಬದಿ ಸುಮ್ಮನಿತ್ತು.

ಚಹಾ ತಂದಿದ್ದ ಕಾಕೂ, ಕಾಕಾನ ಹೆಂಡತಿ, ಕಪ್ಪನ್ನು ನೆಲಕ್ಕಿಟ್ಟರು. “ಗಾಡಿ ತರ್ರಿ. ಇವರ ಮಾರಿ ನೋಡ್ರಿ, ಒಂದ ಕಡೆ ಸೊಟ್ಟಾಗೈತಿ!”

ನನ್ನ ಕಾರು ಬಿಚ್ಚಿಬಿದ್ದಿತ್ತು. ಬೆಲ್ಲದ ಟೆಂಪೊ ಒಂದನ್ನು ಅಡ್ಡಗಟ್ಟಿ ಕಾಕಾನನ್ನು ಹತ್ತಿಸಿದೆವು. ಬಿಚ್ಚಿದ ಪೈಪಿನ ಬಾಯಿಗೆ ಬಟ್ಟೆ ತುರುಕದೆ ಕಾಕಾ ಎಂದೂ ಕೆಲಸದಿಂದ ಎದ್ದವರಲ್ಲ. ಟೆಂಪೊದಲ್ಲಿ ನನ್ನ ತೋಳು ಹಿಡಿದು ತೊದಲಿದರು: “ಪೈಪ್... ಮುಚ್ಚು... ಧೂಳ ಹೊಕ್ಕತೈತಿ.” ಮುಚ್ಚಿದ್ದೇನೆ ಎಂದೆ. ಮುಚ್ಚಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಲಕ್ವಾ ಹೊಡೆದಿದೆ ಎಂದರು. ಕೆಲವು ದಿನ ಇದ್ದರು. ಮತ್ತೆ ಮಾತಾಡಲಿಲ್ಲ. ಅಲ್ಲೇ ತೀರಿಕೊಂಡರು.

ಮಣ್ಣು ಮಾಡಿ ಬಂದ ಸಂಜೆ ಗೆಳೆಯ ಕಟ್ಟೆಯ ಮೇಲೆ ಕುಳಿತು, “ನಾ ಅದನ್ನ ಚೇಷ್ಟಿ ಮಾಡಬಾರದಿತ್ತರಿ ವೈನಿ” ಎಂದು ಅತ್ತರು.

ಕಾಕೂ ಅಂದರು: “ನೀವು ನಗಿಸಿದ್ರಿ ಅಂತ ನನಗ ಅವರ ಮಾರಿ ಕಂಡ್ತರಿ ಅಣ್ಣಾ. ಇಲ್ಲಂದ್ರ ಅವರು ಆ ವಾಲ್ವ್ ಹಿಡಕೊಂಡ ಅಲ್ಲೇ ಕುಂತಬಿಡತಿದ್ರು.”

ಆ ಬೆಳಿಗ್ಗೆ ಅಲ್ಲಿದ್ದು ಆ ಒಂದೇ ಬದಿಯ ನಗುವನ್ನು ಕಂಡವರಲ್ಲಿ ಕಾಕೂ ಇದ್ದಾರೆ, ಪಂಕ್ಚರ್ ಅಂಗಡಿಯ ಗೆಳೆಯ ಇದ್ದಾರೆ, ನಾನಿದ್ದೇನೆ.