ಆರನೇ ಮಂಚದ ಅಳತೆ ಪುಸ್ತಕ

ಜೀವಮಾನದಲ್ಲಿ ನಾನು ಬಸ್ಸಿಗೆ ಕಾದದ್ದಕ್ಕಿಂತ ಬೇರೆಯವರ ಮೂತ್ರಕ್ಕೆ ಕಾದದ್ದು ಹೆಚ್ಚು. ನಗುವವರು ನಗಲಿ. ಅರವತ್ತರ ದಶಕದ ಆರಂಭದಲ್ಲಿ ಮಂಗಳೂರಿನ ಒಂದು ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹೆಣ್ಣುಮಕ್ಕಳು ಒಂದೋ ಟೀಚರ್, ಇಲ್ಲವೇ ನರ್ಸ್. ಮಕ್ಕಳ ಗಲಾಟೆ ನನಗಾಗದು, ಹಾಗಾಗಿ ನರ್ಸ್ ಆದೆ. ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದು ಗಂಜಿ ಉಂಡು, ಬಿಳಿ ಸೀರೆಯ ಅಂಚಿಗೆ ಕೆಂಪು ಮಣ್ಣು ತಾಗದ ಹಾಗೆ ನೆರಿಗೆ ಎತ್ತಿ ಹಿಡಿದು ಕದ್ರಿ ಗುಡ್ಡ ಇಳಿಯುತ್ತಿದ್ದೆ. ಆ ಇಳಿಜಾರು, ಆ ಗಾಳಿ, ಆ ವಯಸ್ಸಿನ ಜಂಬ ಎಲ್ಲ ಈಗಲೂ ನನಗೆ ಬೇಕೆನಿಸುತ್ತದೆ.

ನಮ್ಮ ವಾರ್ಡಿನ ಡಾಕ್ಟರು ತುಳು ಮಾತಾಡುವ ದೊಡ್ಡ ಜಮೀನುದಾರರ ಮನೆಯವರು. ಅಣ್ಣಂದಿರು ಗದ್ದೆ, ಹೋಟೆಲು ಅಂತ ಓಡಾಡುತ್ತಿದ್ದರೆ ಇವರಿಗೆ ಮೂತ್ರಪಿಂಡದ ಹುಚ್ಚು. ಹೆರಿಗೆಯಲ್ಲಿ ರಕ್ತ ಹೋಗಿಯೋ ಹಾವು ಕಚ್ಚಿಯೋ ಮೂತ್ರ ನಿಂತುಹೋದವರು ಬಂದರೆ ಅವರನ್ನು ಬಾಗಿಲ ಹತ್ತಿರದ ಆರನೇ ಮಂಚದಲ್ಲಿ ಮಲಗಿಸುತ್ತಿದ್ದರು. ಆ ಮಂಚಕ್ಕೊಂದು ಉದ್ದ ಪುಸ್ತಕ. ಬಾಯಿಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ತೂಕವೆಷ್ಟು, ನಾಡಿ ಹೇಗೆ, ಎಷ್ಟನೆಯ ದಿನ ಮೂತ್ರ ಮರಳಿತು, ಎಲ್ಲ ಅದರಲ್ಲಿ ಬರೆಯಬೇಕು. ಅದೇ ಅವರ ಸಂಶೋಧನೆ. ಸಾಕಷ್ಟು ರೋಗಿಗಳ ಲೆಕ್ಕ ಸಿಕ್ಕಿದ ಮೇಲೆ ಒಂದು ಲೇಖನ ಬರೆಯಬೇಕೆಂದು ಅವರ ಆಸೆ. ನನ್ನ ಅಕ್ಷರ ದುಂಡಗಿದೆ ಎಂದು ಪುಸ್ತಕವನ್ನು ನನಗೆ ವಹಿಸಿದ್ದರು. ಉಳಿದ ನರ್ಸುಗಳು ಚೀಟಿಯಲ್ಲಿ ಬರೆದಿಟ್ಟದ್ದನ್ನೂ ನಾನೇ ಅದಕ್ಕೆ ಏರಿಸಬೇಕು. ಹತ್ತು ಕೈ ಬರೆದರೆ ಸುಳ್ಳು ಸೇರಿಕೊಳ್ಳುತ್ತದೆ ಎನ್ನುತ್ತಿದ್ದರು. ನನಗಂತೂ ಬಿಷಪರೇ ಕರೆದು ಮಾತಾಡಿಸಿದಷ್ಟು ಹೆಮ್ಮೆ.

ಹಡಗಿನ ಅಂಚೆಯಲ್ಲಿ ಅವರಿಗೆ ಹೊರದೇಶದ ವೈದ್ಯಕೀಯ ಪತ್ರಿಕೆಗಳು ಬರುತ್ತಿದ್ದವು, ತಿಂಗಳುಗಟ್ಟಲೆ ತಡವಾಗಿ. ಚಹಾದ ಹೊತ್ತಿಗೆ ನಮಗೆ ಓದಿ ಹೇಳುವರು. ಅಲ್ಲಿ ಒಬ್ಬರ ಮೂತ್ರಪಿಂಡ ತೆಗೆದು ಇನ್ನೊಬ್ಬರಿಗೆ ಜೋಡಿಸುತ್ತಾರಂತೆ ಎಂದಾಗ ನಾವು ಶಿಲುಬೆಯ ಗುರುತು ಹಾಕಿಕೊಂಡೆವು. ಜೀವಂತ ಅಣ್ಣನದೋ ತಮ್ಮನದೋ ಆದರೆ ಆಪರೇಷನ್ ಮೇಜಿನ ಮೇಲೆಯೇ ಮೂತ್ರ ಸುರಿಸುತ್ತದಂತೆ. ಸತ್ತವರ ದೇಹದಿಂದ ತೆಗೆದದ್ದಾದರೆ ಕೆಲವು ಸಲ ಹದಿನೈದು ದಿನ ಸುಮ್ಮನೆ ಬಿದ್ದುಕೊಂಡಿರುತ್ತದೆ, ಆಮೇಲೆ ಒಂದು ದಿನ ತಾನಾಗಿ ಕೆಲಸ ಸುರು.

"ಅದು ಸತ್ತಿದೆಯಾ, ನಿದ್ದೆ ಮಾಡ್ತಾ ಉಂಟಾ ಅಂತ ಅಲ್ಲಿನವರಿಗೂ ಗೊತ್ತಾಗುದಿಲ್ಲ ಸಿಸ್ಟರ್," ಎಂದರು ಡಾಕ್ಟರು. "ನಮ್ಮ ಆರನೇ ಮಂಚದ ಪ್ರಶ್ನೆಯೂ ಅದೇ ಅಲ್ವಾ? ಅಳೆಯುದು, ಕಾಯುದು. ಬೇರೆ ಎಂತ ಮಾಡ್ಲಿಕ್ಕುಂಟು?"

ರಕ್ತ ತೊಳೆಯುವ ಯಂತ್ರವನ್ನು ನಾವು ಚಿತ್ರದಲ್ಲಿ ಮಾತ್ರ ನೋಡಿದ್ದೆವು. ತಾಳಿದವನು ಬಾಳಿಯಾನು ಎಂಬುದೇ ನಮ್ಮ ಮದ್ದು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಪಣಂಬೂರಿನಿಂದ ಒಬ್ಬಳು ಬಂದಳು. ನನ್ನದೇ ಪ್ರಾಯ. ಚೊಚ್ಚಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಎರಡು ದಿನದಿಂದ ಮೂತ್ರ ನಿಂತಿತ್ತು. ಕೂಸು ಮನೆಯಲ್ಲಿ ಅತ್ತಿಗೆಯ ಕೈಯಲ್ಲಿ ದನದ ಹಾಲು ಕುಡಿಯುತ್ತಿತ್ತು. ಮಂಚದ ಬಳಿ ಅವಳ ತಾಯಿ ಕೂತಿರುತ್ತಿದ್ದರು. ಕಡಲ ಕರೆಯ ಹೊಯಿಗೆ ಮರಳಿನಲ್ಲಿ ಏಳೆಂಟು ತೆಂಗಿನಮರ ಇದ್ದ ಹೆಂಗಸು. ಅಲ್ಲಿಗೆ ಹಡಗಿನ ಬಂದರು ಬರುತ್ತದೆ, ಜಾಗ ಬಿಡಬೇಕು ಎಂಬ ಸುದ್ದಿ ಆಗಲೇ ಹಬ್ಬಿತ್ತು. ಅವರು ಮಾತ್ರ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಮಗಳ ಮುಖ, ಮಂಚದ ಕೆಳಗಿನ ಗಾಜಿನ ಜಾಡಿ, ಎರಡನ್ನೇ ನೋಡುತ್ತ ಕೂತಿರುವರು. ಜಾಡಿ ಖಾಲಿ.

ಡಾಕ್ಟರ ಕಟ್ಟಪ್ಪಣೆ: ದಿನಕ್ಕೆ ಮೂರು ಲೋಟ ನೀರು, ಸ್ವಲ್ಪ ಸಕ್ಕರೆ ಹಾಕಿದ ಗಂಜಿ, ಬೇರೇನೂ ಇಲ್ಲ. ಹಣ್ಣಿನ ರಸವಂತೂ ಕೂಡದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವ ಗಾದೆಗೂ ಆರನೇ ಮಂಚಕ್ಕೂ ಆಗಿಬರುತ್ತಿರಲಿಲ್ಲ. ಅವಳಿಗೆ ತುಟಿ ಒಡೆಯುವಷ್ಟು ಬಾಯಾರಿಕೆ. ಐದನೆಯ ದಿನ ತಾಯಿ ನನ್ನ ಸೆರಗು ಹಿಡಿದರು.

"ಸಿಸ್ಟರೇ, ಒಂದು ಬೊಂಡ ಕೊಡ್ಲಾ? ಮನೆಯದ್ದು. ನಮ್ಮಲ್ಲಿ ಉಚ್ಚೆ ಕಟ್ಟಿದ್ರೆ ಅದೇ ಕೊಡುದು."

ಎಳನೀರಿಗೆ ಈ ಊರಲ್ಲಿ ಬೊಂಡ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಅದೇ ಮದ್ದು. ಉರಿಮೂತ್ರವಾಗಲಿ, ಜ್ವರವಾಗಲಿ, ಅಜ್ಜಿ ಮೊದಲು ಕತ್ತಿ ಹುಡುಕುತ್ತಿದ್ದಳು. ಮಂಗಳೂರಿನಲ್ಲಿ ಹುಟ್ಟಿದ ಯಾರಾದರೂ ಬೊಂಡಕ್ಕೆ ಬೇಡ ಎಂದದ್ದುಂಟೇ? ನಾನು ಜಾಣತನ ಮಾಡಿದೆ. ಡಾಕ್ಟರು ಹೇಳಿದ್ದು ಮೂರು ಲೋಟ. ಬೊಂಡವೂ ನೀರೇ. ಅಳತೆ ತಪ್ಪದಿದ್ದರೆ ಸಾಕಲ್ಲ!

"ಕೊಡಿ ಅಮ್ಮ," ಎಂದೆ. "ಲೋಟದಲ್ಲಿ ಅಳೆದು ನಾನೇ ಕುಡಿಸ್ತೇನೆ. ಡಾಕ್ಟರಿಗೆ ಹೇಳುದು ಬೇಡ."

ಎರಡು ದಿನ ಮೂರೂ ಲೋಟ ಬೊಂಡವೇ ಆಯಿತು. ಕುಡಿದು ಅವಳು ಕಣ್ಣು ಮುಚ್ಚಿ ನಕ್ಕದ್ದು ನೋಡಿ ನನಗೆ ಪುಣ್ಯ ಕಟ್ಟಿಕೊಂಡ ಹಾಗಾಯಿತು. ಪುಸ್ತಕದಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದೆ: ನೀರು, ಮೂರು ಲೋಟ.

ಏಳನೆಯ ದಿನ ಬೆಳಿಗ್ಗೆ ಅವಳಿಗೆ ಕೈ ಎತ್ತಲು ಆಗಲಿಲ್ಲ. ನಾಡಿ ಹಿಡಿದೆ. ನಿಧಾನವಾಗಿತ್ತು, ನಡುನಡುವೆ ಒಂದು ಬಡಿತ ತಪ್ಪುತ್ತಿತ್ತು. ಡಾಕ್ಟರನ್ನು ಕೂಗಿ ಕರೆದೆ. ಡಾಕ್ಟರು ಓಡಿ ಬಂದರು, ಎದೆಗೆ ಕೊಳವೆ ಇಟ್ಟು ಆಲಿಸಿದರು, ಪುಸ್ತಕ ತೆರೆದರು. ಒಂದೊಂದೇ ಸಾಲಿನ ಮೇಲೆ ಬೆರಳು ಓಡಿಸಿದರು. ಎಲ್ಲ ಸರಿಯಾಗಿತ್ತು. ಅವರು ಆ ಪುಸ್ತಕವನ್ನು ನಂಬಿದರು, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಇಷ್ಟು ಬೇಗ ಹೀಗಾಗ್ಲಿಕ್ಕಿಲ್ಲ," ಎಂದು ತಾಯಿಯತ್ತ ತಿರುಗಿದರು. "ಅಮ್ಮ, ಹೊರಗಿನದ್ದು ಎಂತಾದ್ರೂ ಕೊಟ್ಟಿದ್ದೀರಾ? ಹಣ್ಣು? ಬೊಂಡ?"

ಆ ತಾಯಿ ನನ್ನ ಮುಖ ನೋಡಿದರು. ಒಮ್ಮೆ ಮಾತ್ರ.

"ಎಂತ ಇಲ್ಲ ಡಾಕ್ಟ್ರೇ," ಎಂದರು.

ಡಾಕ್ಟರಿಗೆ ಹೇಳುವುದು ಬೇಡವೆಂದು ನಾನೇ ಕಲಿಸಿದ ಪಾಠ ಅದು. ತನ್ನ ಮಗಳ ಜೀವ ಆ ಉತ್ತರದ ಮೇಲೆ ನಿಂತಿದೆ ಎಂದು ಅವರಿಗೇನು ಗೊತ್ತು? ಕೆಲಸ ಹೋಗುತ್ತದೆ, ಮನೆಯಲ್ಲಿ ಅಪ್ಪನಿಗೆ ಮುಖ ತೋರಿಸುವುದು ಹೇಗೆ ಎಂದೆಲ್ಲ ಆ ಕ್ಷಣದಲ್ಲೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಬಾಯಿ ಬಿಟ್ಟೆ.

"ಬೊಂಡ ನಾನು ಕುಡಿಸಿದ್ದು ಡಾಕ್ಟ್ರೇ. ಎರಡು ದಿನದಿಂದ. ನೀರು ಅಂತ ಬರೆದಿದ್ದೇನೆ."

ಅವರು ಬೈಯಲಿಲ್ಲ. ಕ್ಯಾಲ್ಸಿಯಂ ಇಂಜೆಕ್ಷನ್ ತರಿಸಿದರು. ರಕ್ತನಾಳಕ್ಕೆ ಅದನ್ನು ನಿಧಾನವಾಗಿ ಕೊಟ್ಟು, ಹಿಂದೆಯೇ ಗ್ಲೂಕೋಸ್ ಮತ್ತು ಇನ್ಸುಲಿನ್ ಕೊಟ್ಟರು. ಕೈ ಕೆಲಸ ಮಾಡುತ್ತಲೇ ನನಗೆ ತಿಳಿಸಿದರು. ಬೊಂಡದಲ್ಲಿ ಪೊಟ್ಯಾಸಿಯಂ ಎಂಬ ಲವಣ ತುಂಬಾ ಇದೆ. ಒಳ್ಳೆಯ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಮಲಗಿರುವ ಮೂತ್ರಪಿಂಡಕ್ಕೆ ಆಗುವುದಿಲ್ಲ, ಅದು ರಕ್ತದಲ್ಲೇ ಉಳಿದು ಹೃದಯವನ್ನು ನಿಲ್ಲಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಡಿ ತಪ್ಪುವುದು ನಿಂತಿತು. ಆಗ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕೋಣೆಗೆ ಹೋದರು. ಅಂದಿನಿಂದ ತಾವೇ ಬರೆದುಕೊಂಡರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹನ್ನೊಂದನೆಯ ದಿನ ಜಾಡಿಯ ತಳದಲ್ಲಿ ಒಂದು ಔನ್ಸಿನಷ್ಟು, ಕಾಫಿ ಬಣ್ಣದ್ದು. ಮರುದಿನ ಐದು ಔನ್ಸು. ಅದರ ಮರುದಿನ ಅರ್ಧ ಜಾಡಿ. ಇಡೀ ವಾರ್ಡಿಗೆ ಹಬ್ಬ. ಪಕ್ಕದ ಮಂಚದ ಮುದುಕಿಯೂ ಎದ್ದು ಬಂದು ಜಾಡಿ ನೋಡಿ "ಒಳ್ಳೇದಾಯ್ತು ಮಾರಾಯ್ತಿ" ಎಂದಳು. ನಾನು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಕೋಣೆಗೆ ಒಯ್ದೆ, ದಾರಿಯಲ್ಲೆಲ್ಲ ಅಳುತ್ತ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ. ಗಂಡನಿಗೆ ಇದನ್ನು ಹೇಳಿದ್ದೇನೆ, ಅವರು ನಕ್ಕಿದ್ದಾರೆ.

ಡಾಕ್ಟರು ಜಾಡಿ ನೋಡಿದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಐದು ಮತ್ತು ಆರನೆಯ ದಿನದ ಸಾಲಿನಲ್ಲಿ 'ನೀರು' ಎಂಬುದಕ್ಕೆ ಅಡ್ಡಗೆರೆ ಎಳೆದು 'ಬೊಂಡ' ಎಂದು ಬರೆದಿದ್ದರು. ಕೊಟ್ಟವರು ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದರು.

"ಇದಕ್ಕೆ ಇಬ್ಬರು ಒಪ್ಪಿಕೊಂಡಿದ್ದಾರೆ," ಎಂದರು. "ನೀವು ಹೇಳಿದ್ರಿ. ಆ ಸಂಜೆಯೇ ಅವಳ ಅಮ್ಮ ಇಲ್ಲಿಗೆ ಬಂದು, 'ಸಿಸ್ಟರಿಗೆ ಎಂತ ಗೊತ್ತಿಲ್ಲ, ನಾನೇ ಕದ್ದು ಕುಡಿಸಿದ್ದು, ನನ್ನನ್ನು ಉಳಿಸ್ಲಿಕ್ಕೆ ಅವರು ಹಾಗೆ ಹೇಳಿದ್ದು' ಅಂದ್ರು. ಬೊಂಡ ಎಂತ ಮಾಡ್ತದೆ ಅಂತ ಅವರಿಗೆ ನಾನು ಆಗಲೇ ತಿಳಿಸಿದ್ದೆ. ಅದರ ಮೇಲೂ ಹಾಗೆ ಹೇಳಿದ್ರು. ಬರೆಯಿರಿ, ಯಾರು?"

'ವಾರ್ಡಿನ ನರ್ಸ್' ಎಂದು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ. ಅವರು ಶಾಯಿ ಒಣಗುವವರೆಗೆ ಕಾದು, ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು.

ನಾನು ನೇರ ಆರನೇ ಮಂಚದ ಬಳಿಗೆ ಹೋದೆ. ತಾಯಿ ಮಗಳ ತಲೆ ಬಾಚುತ್ತಿದ್ದರು.

"ಅಮ್ಮ, ಯಾಕೆ ಹಾಗೆ ಹೇಳಿದ್ರಿ? ಮಗಳನ್ನು ಕೊಲ್ಲಲಿಕ್ಕಿದ್ದವಳು ನಾನೇ ಅಂತ ಯಾವ ತಾಯಿಯಾದ್ರೂ ಹೇಳ್ತಾಳಾ?"

ಅವರು ಜಡೆಯ ಸಿಕ್ಕು ಬಿಡಿಸುತ್ತಲೇ ಇದ್ದರು.

"ನಂಗೆ ಬೈದ್ರೆ ಎಂತ ಹೋಗ್ತದೆ ಸಿಸ್ಟರೇ? ನಾನು ತಾಯಿ, ನನ್ನನ್ನು ಇಲ್ಲಿಂದ ಓಡಿಸ್ಲಿಕ್ಕಾಗುದಿಲ್ಲ. ನಿಮ್ಮನ್ನು ಓಡಿಸಿದ್ರೆ ನನ್ನ ಮಗಳ ಉಚ್ಚೆಗೆ ಕಾಯುವವರು ಯಾರಿದ್ರು?"