ಮೂರು ಅಲೆ ಕಡಿಮೆ

ಒಂದು ವರ್ಷ, ಸುಮಾರು ಮೂರು ತಿಂಗಳ ಕಾಲ, ನಾನು ನಮ್ಮ ಮನೆಯಲ್ಲಿ ಅಂಚೆಯವಳ ಕೆಲಸ ಮಾಡಿದ್ದೇನೆ. ಭಾನುವಾರವೂ ರಜೆಯಿಲ್ಲದ ಅಂಚೆ ಕಚೇರಿ ಅದು. ಮಗಳು ಬಚ್ಚಲುಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಅವನಿಗೆ ಹೇಳು, ಗೀಸರ್ ಆಫ್ ಮಾಡ್ಬೇಡ ಅಂತ" ಎನ್ನುತ್ತಿದ್ದಳು. ಅವನು ಎಂದರೆ ಅವಳ ತಮ್ಮ, ಎರಡಡಿ ದೂರದಲ್ಲಿ ಹಲ್ಲುಜ್ಜುತ್ತ ನಿಂತಿರುತ್ತಿದ್ದ. ನಾನು ಅಡುಗೆಮನೆಯಿಂದ ಬಂದು, "ಗೀಸರ್ ಆಫ್ ಮಾಡ್ಬೇಡ್ವಂತೆ" ಎನ್ನುತ್ತಿದ್ದೆ. ಅವನು ಬಾಯಿತುಂಬ ನೊರೆ ಇಟ್ಟುಕೊಂಡು, "ಆಫ್ ಮಾಡೇ ಇಲ್ಲ ಅಂತ ಹೇಳು" ಎನ್ನುತ್ತಿದ್ದ. ನಾನು ಅದನ್ನೂ ತಲುಪಿಸುತ್ತಿದ್ದೆ.

ಮಗಳು ಆಗ ಡಿಗ್ರಿಯ ಎರಡನೆಯ ವರ್ಷ, ಮಗ ಸೆಕೆಂಡ್ ಪಿಯುಸಿ. ಕುಮಾರಸ್ವಾಮಿ ಲೇಔಟ್‌ನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ನನ್ನ ಯಜಮಾನರು ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಅತ್ತೆ ನಮ್ಮ ಜೊತೆಗೇ ಇದ್ದರು. ಐದು ಜನರ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಉಳಿದ ಮೂವರಿಗೆ ಎಷ್ಟು ಮಾತಾಡಬೇಕಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಮಾತು ಬಿಟ್ಟ ಕಾರಣ ಇದು. ಮಗಳು ಕಾಲೇಜಿನಿಂದ ಸ್ಕೂಟಿಯಲ್ಲಿ ಬರುವುದು ವಾರಕ್ಕೆ ಎರಡು ಮೂರು ದಿನ ತಡವಾಗತೊಡಗಿತ್ತು. ಕೇಳಿದರೆ ಪ್ರಾಜೆಕ್ಟ್ ಎನ್ನುತ್ತಿದ್ದಳು. ಒಂದು ಸಂಜೆ ತಮ್ಮ ಅವಳನ್ನು ಜಯನಗರ ಫೋರ್ತ್ ಬ್ಲಾಕಿನ ಜ್ಯೂಸ್ ಅಂಗಡಿಯ ಮುಂದೆ, ಒಬ್ಬ ಹುಡುಗನ ಜೊತೆ ನೋಡಿದ. ಸುದ್ದಿ ಯಜಮಾನರ ಕಿವಿಗೆ ಬಿತ್ತು. ಅವರು ಊಟಕ್ಕೆ ಕೂತಾಗ, "ನಿನ್ ತಮ್ಮಾನೇ ನೋಡಿದಾನೆ" ಎಂದು ಶುರುಮಾಡಿ, ಕೈ ತೊಳೆಯುವಷ್ಟರಲ್ಲಿ ಸ್ಕೂಟಿಯ ಕೀಯನ್ನು ತಮ್ಮದೇ ಬೀರುವಿಗೆ ಸೇರಿಸಿಬಿಟ್ಟರು. ಅಂದಿನಿಂದ ಮಗಳು ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಕಾಲೇಜಿಗೆ ಹೋಗತೊಡಗಿದಳು. ಅಪ್ಪನ ಮೇಲೆ ಒಂದು ವಾರ ಮುನಿಸಿಕೊಂಡಳು. ತಮ್ಮನನ್ನು ಮಾತ್ರ ಕ್ಷಮಿಸಲಿಲ್ಲ.

ಈ ವರದಿಯಲ್ಲಿ ಒಂದು ಸಣ್ಣ ವಿಷಯ ಬಿಟ್ಟಿದ್ದೇನೆ. ಮಗ ತಾನಾಗಿ ಹೋಗಿ ನೋಡಿದ್ದಲ್ಲ. ಅವನನ್ನು ಕಳಿಸಿದ್ದು ನಾನು. "ಟ್ಯೂಷನ್ ಮುಗಿಸ್ಕೊಂಡು ಬರೋವಾಗ ಹಂಗೇ ಒಂದ್ ಕಣ್ ಹಾಯ್ಸೋ" ಎಂದೆ. "ಆಗಲ್ಲಮ್ಮ, ಅವಳಿಗೆ ಗೊತ್ತಾದ್ರೆ?" ಎಂದ. ಗೊತ್ತಾಗೋದಿಲ್ಲ ಎಂದು ಮಾತು ಕೊಟ್ಟೆ. ಅವನು ಬಂದು ನನಗೊಬ್ಬಳಿಗೇ ಹೇಳಿದ. ನಾನು ಗಾಬರಿಯಲ್ಲಿ ಯಜಮಾನರಿಗೆ ಹೇಳಿದೆ. ಆಮೇಲೆ ಮಗನನ್ನು ಕರೆದು, "ನಾನು ಕಳ್ಸಿದ್ದು ಅಂತ ಹೇಳ್ಬೇಡಪ್ಪ" ಎಂದು ಬೇಡಿಕೊಂಡೆ. ಅವನು ಹೇಳಲಿಲ್ಲ. ಮೂರು ತಿಂಗಳು ನಾನೂ ಹೇಳಲಿಲ್ಲ. ಮಕ್ಕಳ ನಡುವೆ ರಾಜಿ ಮಾಡಿಸಲು ಓಡಾಡುತ್ತಿದ್ದ ಒಳ್ಳೆಯ ತಾಯಿ ಇವಳು.

ಆಗ ಬಂತು ಆ ಆಟದ ಪೆಟ್ಟಿಗೆ. ನಮ್ಮ ಸ್ಕೂಲಿನ ವಿಜ್ಞಾನದ ಮೇಡಂ ಧಾರವಾಡದ ಕಡೆಯವರು, ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದರು. ಅವರ ಯಜಮಾನರನ್ನು ಆಫೀಸಿನವರು ಆರು ತಿಂಗಳು ಜರ್ಮನಿಗೆ ಕಳಿಸಿದ್ದಾಗ ತಂದದ್ದು. "ನಮ್ಮ ಹುಡುಗ್ರು ಸಣ್ಣಾವರೀ, ಕಾಯಿ ಬಾಯಾಗ ಇಟ್ಕೋತಾವ. ನಿಮ್ಮ ಮಕ್ಕಳು ದೊಡ್ಡವರದಾರ, ಒಯ್ರಿ" ಎಂದರು. ಆಡುವುದು ಹೇಗೆ ಎಂದು ಕೇಳಿದೆ. "ಇದರಾಗ ಒಬ್ರು ಗೆದ್ದು ಒಬ್ರು ಸೋಲೋದು ಇಲ್ಲರೀ. ಗೆದ್ರ ಎಲ್ಲಾರೂ, ಸೋತ್ರ ಎಲ್ಲಾರೂ. ಮಾತಾಡಿಕೊಂಡ ಆಡಬೇಕು." ಮಾತಾಡಿಕೊಂಡೇ ಆಡಬೇಕು ಎಂಬುದೊಂದೇ ನನ್ನ ಕಿವಿಗೆ ಬಿದ್ದದ್ದು. ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ.

ಹಲಗೆಯ ಮೇಲೆ ಸಮುದ್ರ, ನಡುವೆ ಮುಳುಗುತ್ತಿರುವ ಹಡಗು, ಅಂಚಿನಲ್ಲಿ ಬಂದರು. ಆಡುವವರು ಹಡಗಿನ ಪ್ರಯಾಣಿಕರು. ಸರದಿ ಬಂದವರು ಒಂದು ಕಾರ್ಡ್ ತೆಗೆಯಬೇಕು. ಹಗ್ಗ, ಗಾಳಿ, ದೋಣಿಯ ಹುಟ್ಟು, ಹೀಗೆ ಏನಾದರೂ ಬಂದರೆ ಮುಂದೆ ಹೋಗಬಹುದು. ಅಲೆಯ ಕಾರ್ಡ್ ಬಂದರೆ ನೀರು ಒಂದು ಮೆಟ್ಟಿಲು ಏರುತ್ತದೆ. ಕಟ್ಟಿನಲ್ಲಿ ಅಲೆಗಳು ಹನ್ನೆರಡು. ಹನ್ನೆರಡನೆಯದು ಬರುವಷ್ಟರಲ್ಲಿ ಎಲ್ಲರೂ ಬಂದರನ್ನು ಸೇರಿರಬೇಕು. ಒಬ್ಬರು ಹಿಂದೆ ಉಳಿದರೂ ಎಲ್ಲರೂ ಮುಳುಗಿದಂತೆ.

ಮೊದಲ ಭಾನುವಾರ ಊಟವಾದ ಮೇಲೆ ಡೈನಿಂಗ್ ಟೇಬಲ್ ಒರೆಸಿ ಕೂತೆವು. ಮಕ್ಕಳು ಬಂದದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ, ಕೇಬಲ್ ಕೈಕೊಟ್ಟಿತ್ತು. ಯಜಮಾನರು ನಿಯಮದ ಪುಸ್ತಕವನ್ನು ಕಾರ್ಖಾನೆಯ ಸುತ್ತೋಲೆಯ ಹಾಗೆ ಜೋರಾಗಿ ಓದಿ, ಮುಖ್ಯ ಸಾಲುಗಳಿಗೆ ಪೆನ್ಸಿಲ್ ಗೆರೆ ಹಾಕಿದರು. ಆಮೇಲೆ ಪ್ರತಿಯೊಬ್ಬರ ಸರದಿಯನ್ನೂ ತಾವೇ ಆಡತೊಡಗಿದರು. "ನೀನು ಇಲ್ಲಿಗ್ ಬಾ. ನೀನು ಅಲ್ಲೇ ಇರು. ಅಮ್ಮ, ನೀನು ಹಗ್ಗ ಕೊಡು." ನಮ್ಮ ಕೆಲಸ ಕಾಯಿ ಎತ್ತಿಡುವುದು ಮಾತ್ರ.

ಅತ್ತೆಯದು ಬೇರೆಯೇ ತಕರಾರು. ಅವರು ಚೌಕಾಬಾರದಲ್ಲಿ ಪಳಗಿದ ಕೈ. ಮೊಮ್ಮಕ್ಕಳೆಂದು ನೋಡದೆ ಕಾಯಿ ಹೊಡೆದು, ಮನೆಯ ಬಾಗಿಲವರೆಗೆ ಬಂದವರನ್ನು ವಾಪಸ್ ಕಳಿಸುವ ಜಾತಿ. "ಹೊಡಿಯೋದು ಯಾವಾಗ?" ಎಂದು ಮೂರು ಸಲ ಕೇಳಿದರು. ಯಾರನ್ನೂ ಹೊಡೆಯುವ ಹಾಗಿಲ್ಲ ಎಂದೆ. "ಹಂಗಾದ್ರೆ ನನ್ ಕಾಯಿ ಹಣ್ಣಾಗಿ ಮನೆ ಸೇರಿದ್ಮೇಲೆ ನಿಮ್ದು ಏನಾದ್ರೆ ನಂಗೇನು?" ಎಂದು ತಮ್ಮ ಕಾಯಿಯನ್ನು ಬಂದರಿಗೆ ಸೇರಿಸಿ, ಅಡಿಕೆ ಹಾಕಿಕೊಂಡು ನಿಶ್ಚಿಂತೆಯಾಗಿ ಕೂತರು. ಉಳಿದ ನಾಲ್ವರು ಮುಳುಗಿದೆವು. "ಅಯ್ಯೋ ಪಾಪ" ಎಂದರು.

ಇನ್ನು ಮಾತಾಡಿಕೊಂಡು ಆಡುವ ವಿಷಯ. ಮಕ್ಕಳು ಅದಕ್ಕೂ ದಾರಿ ಕಂಡುಕೊಂಡರು. "ಅಮ್ಮ, ಅವನ ಹತ್ರ ಹುಟ್ಟು ಇದ್ರೆ ಕೊಡ್ಬೇಕು ಅಂತ ಹೇಳು." "ಇಲ್ಲ ಅಂತ ಹೇಳು." "ಇದೆ, ಕಾಣ್ತಿದೆ ಅಂತ ಹೇಳು." ಸಮುದ್ರದ ನಡುವೆಯೂ ನನ್ನ ಅಂಚೆ ಕಚೇರಿ ತೆರೆದೇ ಇತ್ತು.

ಹೀಗೆ ಐದು ಭಾನುವಾರ ಮುಳುಗಿದೆವು. ಆದರೆ ಐದನೆಯ ಸಲ ಒಂದು ಘಟನೆ ನಡೆಯಿತು. ಮಗಳ ಕಾಯಿ ಒಂಟಿಯಾಗಿ ಹಡಗಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು, ಸುತ್ತ ನೀರು. ಬಂದರಿಗೆ ಎರಡೇ ಮನೆ ದೂರವಿದ್ದ ತಮ್ಮ, ಅಪ್ಪ ಬೇಡ ಬೇಡ ಎನ್ನುತ್ತಿದ್ದರೂ ಕಾಯಿಯನ್ನು ಹಿಂದಕ್ಕೆ ತಿರುಗಿಸಿದ. "ಅಮ್ಮ, ಅವಳಿಗೆ ಹೇಳು, ನಾನು ಬರ್ತಿದೀನಿ ಅಂತ" ಎಂದ. ನನಗೆ ಆ ವಾಕ್ಯವನ್ನು ತಲುಪಿಸಲು ಆಗಲಿಲ್ಲ. ತಲುಪಿಸದಿದ್ದರೂ ಅವಳಿಗೆ ಕೇಳಿಸಿತ್ತು, ತಲೆ ಎತ್ತಿ ಅವನನ್ನು ನೋಡಿದಳು. ಅಷ್ಟರಲ್ಲಿ ಹನ್ನೆರಡನೆಯ ಅಲೆ ಬಂತು. "ನಾನ್ ಹೇಳ್ಲಿಲ್ವಾ" ಎಂದರು ಯಜಮಾನರು. ಮಗಳು ಎದ್ದು, "ಸಾಕಮ್ಮ, ಯಾವಾಗ್ಲೂ ಸೋಲೋದೇ. ಮುಂದಿನ ವಾರದಿಂದ ನಾನ್ ಬರಲ್ಲ" ಎಂದಳು.

ಒಂದೇ ಒಂದು ಸಲ ಗೆದ್ದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ. ಇನ್ನೊಂದೇ ವಾರ ಬಾ ಎಂದು ಮಗಳನ್ನು ಒಪ್ಪಿಸಿದೆ. ಶನಿವಾರ ಸ್ಕೂಲಿನಿಂದ ಬಂದವಳೇ ಪೆಟ್ಟಿಗೆ ತೆಗೆದು, ಹನ್ನೆರಡರಲ್ಲಿ ಮೂರು ಅಲೆಗಳನ್ನು ಕಟ್ಟಿನಿಂದ ಎಗರಿಸಿದೆ. ತರಗತಿಯಲ್ಲಿ ಕಾಪಿ ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರಮ್ಮ ನಾನು. ಬಚ್ಚಿಡುವುದಕ್ಕೆ ಜಾಗ ಯೋಚಿಸಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಬಚ್ಚಿಡಬೇಕಾದ ಎಲ್ಲವೂ, ನನ್ನ ಓಲೆಯಿಂದ ಹಿಡಿದು ಮಕ್ಕಳಿಂದ ಕಾಪಾಡಬೇಕಾದ ಗೋಡಂಬಿಯವರೆಗೆ, ಅಡುಗೆಮನೆಯ ಡಬ್ಬಗಳಲ್ಲೇ ಇರುತ್ತಿದ್ದವು. ಬೇಳೆ, ರವೆ ದಿನಾ ತೆಗೆಯುವಂಥವು. ವರ್ಷಕ್ಕೆ ಎರಡು ಮೂರು ಸಲ ಮಾತ್ರ ತೆಗೆಯುವ ಸಬ್ಬಕ್ಕಿಯ ಡಬ್ಬದೊಳಗೆ ಅಲೆಗಳನ್ನು ಹೂತೆ.

ಭಾನುವಾರ ಮಗನೇ ಕಾರ್ಡುಗಳನ್ನು ಕಲೆಸಿ ಜೋಡಿಸಿದ. ಆಟ ಎಂದಿನಂತೆ ನಡೆಯಿತು. ಯಜಮಾನರು ಪ್ರತಿ ಅಲೆಗೂ ಒಂದು ಬೆಂಕಿಕಡ್ಡಿ ಇಟ್ಟು ಲೆಕ್ಕ ಹಿಡಿಯುತ್ತಿದ್ದರು. ಎಂಟನೆಯ ಕಡ್ಡಿ ಇಟ್ಟ ಮೇಲೆ ಅಲೆಯೇ ಬರಲಿಲ್ಲ. ಮಗಳ ಕಾಯಿ ಕೊನೆಯದಾಗಿ ಬಂದರನ್ನು ಸೇರಿತು. ಗೆದ್ದರೆ ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ಇದು ಯೋಜನೆಯ ಫಲ ಎಂದರು. ಮಕ್ಕಳಿಬ್ಬರೂ ನಕ್ಕರು, ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಒಂದೇ ಹೊತ್ತಿಗೆ. ನನಗೆ ನನ್ನ ಜಾಣತನದ ಮೇಲೆ ಹೆಮ್ಮೆ ಉಕ್ಕಿತು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅತ್ತೆ. "ಆರು ವಾರದ್ ಮೇಲೆ ದಡ ಮುಟ್ಟಿದೀವಿ, ಬಾಯಿ ಸಿಹಿ ಮಾಡ್ಬೇಕು. ಸಬ್ಬಕ್ಕಿ ಪಾಯಸ ಮಾಡ್ತೀನಿ" ಎಂದು ಎದ್ದರು. ನಾನು ಮಾಡ್ತೀನಿ ಅತ್ತೆ, ನೀವು ಕೂತ್ಕೊಳ್ಳಿ, ಶ್ಯಾವಿಗೆ ಮಾಡೋಣ ಎಂದೆಲ್ಲ ನಾನು ಹಿಂದೆ ಓಡುವಷ್ಟರಲ್ಲಿ ಅವರು ಡಬ್ಬಕ್ಕೆ ಕೈ ಹಾಕಿಯಾಗಿತ್ತು. ಸಬ್ಬಕ್ಕಿ ಅಂಟಿಕೊಂಡಿದ್ದ ಮೂರು ಕಾರ್ಡುಗಳನ್ನು ಹಿಡಿದುಕೊಂಡು ಹಾಲ್‌ಗೆ ಬಂದರು. "ಇದೇನೋ, ಡಬ್ಬದಲ್ಲಿ ಸಮುದ್ರ ಇತ್ತು."

ಯಜಮಾನರು ಕಾರ್ಡುಗಳನ್ನು ತಿರುಗಿಸಿ ನೋಡಿದರು. "ಮೂರು ಅಲೆ ಕಡಿಮೆ ಇಟ್ಕೊಂಡು ಆಡಿದೀವಿ. ಈ ಗೆಲುವು ಕ್ಯಾನ್ಸಲ್. ಯಾರ ಕೆಲ್ಸ ಇದು?"

ಮಗಳ ನಗು ಆಗಲೇ ಇಳಿದಿತ್ತು. "ಅಮ್ಮ, ಕಾರ್ಡ್ ಜೋಡಿಸಿದ್ದು ಯಾರು ಅಂತ ಕೇಳು. ಹಿಂದಿನಿಂದ ಕೆಲಸ ಮಾಡೋದು ಅವನಿಗೆ ಹೊಸದಲ್ಲ" ಎಂದಳು.

ಮಗ ನನ್ನ ಕಡೆ ನೋಡಿದ. ಡಬ್ಬದಲ್ಲಿ ಬಚ್ಚಿಡುವವರು ಯಾರು ಎಂದು ಅವನಿಗೆ ಗೊತ್ತಿಲ್ಲದೆ ಏನು, ಚಿಕ್ಕಂದಿನಿಂದ ಅಲ್ಲಿ ಗೋಡಂಬಿ ಕದ್ದವನು. ಒಂದು ಗಳಿಗೆ ನೋಡಿ, ತಲೆ ತಗ್ಗಿಸಿ ಕಾಯಿಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. "ಸರಿ, ನಾನೇ ಅಂತ ಇಟ್ಕೊಳ್ಳಿ" ಎಂದ.

ಮೂರು ತಿಂಗಳು ನುಂಗಿಕೊಂಡಿದ್ದೆ, ಇದನ್ನು ನುಂಗಲು ಆಗಲಿಲ್ಲ. "ಅವನಲ್ಲ, ನಾನು" ಎಂದೆ. ಯಜಮಾನರು, "ನೀನಾ? ಯಾಕೆ?" ಎಂದರು. ಒಂದ್ಸಲ ಗೆಲ್ಲಲಿ ಅಂತ ಎಂದೆ. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು. ಮಗಳ ತುಟಿಯೂ ಸಡಿಲವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಮನೆಯಲ್ಲಿ ವರ್ಷಗಟ್ಟಲೆ ನನ್ನನ್ನು ಗೇಲಿ ಮಾಡುವ ಒಂದು ಕಥೆಯಾಗಿ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ. "ಜ್ಯೂಸ್ ಅಂಗ್ಡಿ ಹತ್ರ ನೋಡ್ಕೊಂಡ್ ಬಾ ಅಂತ ಕಳಿಸಿದ್ದೂ ನಾನೇ. ಅವನು ಆಗಲ್ಲ ಅಂದಿದ್ದ. ಅಪ್ಪಂಗೆ ಹೇಳಿದ್ದೂ ನಾನೇ" ಎಂದೆ.

ಮಗಳು ನನ್ನನ್ನು ನೋಡಲಿಲ್ಲ. ತಮ್ಮನ ಕಡೆ ತಿರುಗಿದಳು.

"ಯಾಕೋ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದಿದ್ರು."

"ಮೂರು ತಿಂಗಳು ನನ್ ಹತ್ರ ಬೈಸ್ಕೊಂಡ್ಯಲ್ಲೋ."

"ನೀನೆಲ್ಲಿ ಬೈದೆ ಅಕ್ಕ? ಮಾತೇ ಆಡ್ಲಿಲ್ಲ."

ಅವಳು ಅವನ ತಲೆಗೆ ಒಂದು ಮೊಟಕಿದಳು. ಅಪ್ಪನ ಕೈಯಿಂದ ಕಾರ್ಡುಗಳನ್ನು ತೆಗೆದುಕೊಂಡು, ಸಬ್ಬಕ್ಕಿ ಒರೆಸಿ, ಕಟ್ಟಿನೊಳಗೆ ಸೇರಿಸಿ, "ಇನ್ನೊಂದ್ಸಲ ಆಡೋಣ, ಸರಿಯಾಗಿ" ಎಂದಳು. ನಾನು ನನ್ನ ಕುರ್ಚಿಯ ಹತ್ತಿರ ಹೋದೆ. ಯಜಮಾನರು ನಿಯಮದ ಪುಸ್ತಕ ತಿರುವಿ, "ನಾಲ್ಕು ಜನಾನೂ ಆಡ್ಬಹುದು" ಎಂದರು. ಯಾರೂ ಆಕ್ಷೇಪಿಸಲಿಲ್ಲ. ನಾನು ಒಳಗೆ ಹೋಗಿ ಸಬ್ಬಕ್ಕಿ ನೆನೆಹಾಕಿದೆ.

ಹಾಲ್‌ನಲ್ಲಿ ಮಕ್ಕಳಿಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದರು. ಎಡಗಡೆ ಹೋಗೋ, ನಿಂಗೇನ್ ಗೊತ್ತು ಸುಮ್ನಿರು, ಅಪ್ಪಾ ನೀವು ಅವನ ಕಾಯಿ ಮುಟ್ಬೇಡಿ. ಮಧ್ಯೆ ನಾನಿರಲಿಲ್ಲ. ಅವರು ಆ ಸಲವೂ ಮುಳುಗಿದರು. ಪಾಯಸ ಬಡಿಸಿದಾಗ ಮಗ ಎರಡು ಲೋಟ ಕುಡಿದ. ಮಗಳು ಲೋಟವನ್ನು ಹಾಗೇ ಬಿಟ್ಟು ರೂಮಿಗೆ ಹೋದಳು. ನಾನು ಬಯಸಿದ್ದು ನನಗೆ ಸಿಕ್ಕಿತ್ತು, ಆದರೂ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಸ್ಕೂಟಿಯ ಕೀ ಟಿವಿಯ ಮೇಲಿತ್ತು. ಯಜಮಾನರು ಇಟ್ಟು ಕೆಲಸಕ್ಕೆ ಹೋಗಿದ್ದರು. ಮಗಳು ಅದನ್ನು ಮುಟ್ಟದೆ ಬಸ್ಸಿಗೇ ಹೋದಳು. ಸಂಜೆ ನಾನು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಬಂದು, ಸೀರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮಡಿಸಿದೆವು. ಮಡಿಸಿ ಹತ್ತಿರ ಬಂದಾಗ, "ಅವನನ್ನ ಯಾಕ್ ಕಳಿಸ್ದೆ? ನನ್ನನ್ನೇ ಕೇಳ್ಬಹುದಿತ್ತಲ್ಲಮ್ಮ" ಎಂದಳು.

"ಕೇಳಿದ್ರೆ ಹೇಳ್ತಿದ್ಯಾ?"

"ಹೇಳ್ತಿದ್ದೆ. ಹೇಳ್ಬೇಕು ಅಂತಾನೇ ಇದ್ದೆ."

ಸೀರೆ ನಮ್ಮಿಬ್ಬರ ಕೈಯಲ್ಲೂ ಇತ್ತು. ಈಗ ಕೇಳಲಾ ಎಂದೆ. ಅವಳು ಸ್ವಲ್ಪ ಯೋಚಿಸಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಈಗ ಬೇಡಮ್ಮ" ಎಂದು ತನ್ನ ಕಡೆಯ ತುದಿಯನ್ನು ನನ್ನ ಕೈಗೆ ಕೊಟ್ಟು ಕೆಳಗೆ ಹೋದಳು.